ಇವರನ್ನು ನಾನು ಬಲ್ಲೆ

ಎರಡು ವರ್ಷಗಳ ಹಿಂದೆ, ಡಿಸೆಂಬರಿನ ಒಂದು ಸಂಜೆ, ಕೊಲ್ಕತ್ತಾದ ತುಂಬಿದ ಬಸ್ಸೊಂದರಲ್ಲಿ ಯಾರೋ ನನ್ನ ಹೆಗಲಚೀಲದ ಜಿಪ್ಪು ತೆರೆದರು. ಇಳಿದ ಮೇಲೆ ನೋಡಿಕೊಂಡರೆ ಪರ್ಸೂ ಇಲ್ಲ, ಫೋನೂ ಇಲ್ಲ. ಆಧಾರ್, ಪ್ಯಾನ್, ಚಾಲನಾ ಪರವಾನಗಿ, ವಿಶ್ವವಿದ್ಯಾಲಯದ ಗುರುತಿನ ಚೀಟಿ ಎಲ್ಲವೂ ಆ ಪರ್ಸಿನಲ್ಲೇ ಇದ್ದವು. ಚೀಲದಲ್ಲಿ ಉಳಿದದ್ದು ಪತ್ರಾಗಾರದಲ್ಲಿ ಬರೆದುಕೊಂಡ ಎರಡು ನೋಟುಪುಸ್ತಕ ಮತ್ತು ಅವುಗಳ ನಡುವೆ ಮಡಚಿಟ್ಟಿದ್ದ ವಿಮಾನದ ಟಿಕೆಟ್ಟಿನ ಪ್ರತಿ. ಎರಡು ದಿನ ಬಿಟ್ಟು ಸಂಜೆ ಬೆಂಗಳೂರಿಗೆ ಹೊರಡಬೇಕಿತ್ತು.

ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದವರು ಅಭ್ಯಾಸಬಲದಿಂದ ನನ್ನ ಗುರುತಿನ ಚೀಟಿ ಕೇಳಿದರು. ಕೇಳಿದ ಮರುಕ್ಷಣ ಅವರಿಗೇ ನಗು ಬಂತು. ದೂರಿನ ಪ್ರತಿ ಸಿಕ್ಕಿತು. ಆದರೆ ಅದರಲ್ಲಿ ಇದ್ದದ್ದು ಇಷ್ಟೇ: ಇಂಥ ಹೆಸರಿನವರೆಂದು ಹೇಳಿಕೊಂಡ ಒಬ್ಬರು ಬಂದು, ತಮ್ಮ ಚೀಟಿಗಳು ಕಳೆದಿವೆ ಎಂದು ಹೇಳಿದರು. ಅದರಲ್ಲಿ ನನ್ನ ಮಾತಿಗೆ ನನ್ನದೇ ಮಾತು ಸಾಕ್ಷಿ.

ನಾನು ಉಳಿದುಕೊಂಡಿದ್ದ ಹಾಸ್ಟೆಲಿನ ಗೆಳೆಯ ತನ್ನ ಫೋನನ್ನು ಕೈಗಿತ್ತ. ಡಿಜಿಲಾಕರಿನಲ್ಲಿ ಎಲ್ಲವೂ ಇದೆಯಲ್ಲ, ತೆರೆದುಕೋ ಎಂದ. ತೆರೆಯಲು ಒಟಿಪಿ ಬೇಕು. ಒಟಿಪಿ ಬರುವುದು ಕಳೆದುಹೋದ ಫೋನಿಗೆ. ಹೊಸ ಸಿಮ್ ಕೊಳ್ಳಲು ಗುರುತಿನ ಚೀಟಿ ಬೇಕು. ನಾನು ನಾನೇ ಎಂದು ತೋರಿಸಿಕೊಡುವ ಆರು ಅಂಕಿಗಳು ಆ ರಾತ್ರಿ ಯಾವನೋ ಕಳ್ಳನ ಜೇಬಿಗೆ ಬಂದು ಬೀಳುತ್ತಿದ್ದವು. ಗೆಳೆಯ ಸಂಸ್ಕೃತ ಓದಿದವನು. 'ಪ್ರಯಾಣದಲ್ಲಿ ಗುರುತು ಕಳೆದುಕೊಂಡವರಲ್ಲಿ ನೀನು ಮೊದಲನೆಯವರಲ್ಲ, ಶಕುಂತಲೆಯೂ ಇದ್ದಾಳೆ' ಎಂದು ತಮಾಷೆ ಮಾಡಿದ.

ಭಾರತದೊಳಗಿನ ವಿಮಾನ ಪ್ರಯಾಣಕ್ಕೆ ಯಾವ ಚೀಟಿ ನಡೆಯುತ್ತದೆ ಎಂಬುದನ್ನು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ, ಅಂದರೆ ಬಿಸಿಎಎಸ್, ಗೊತ್ತುಮಾಡುತ್ತದೆ. 2017ರ ಅಕ್ಟೋಬರಿನಲ್ಲಿ ಅದು ಹತ್ತು ಬಗೆಯ ದಾಖಲೆಗಳ ಪಟ್ಟಿ ಕೊಟ್ಟಿತು: ಪಾಸ್‌ಪೋರ್ಟ್, ಮತದಾರರ ಚೀಟಿ, ಆಧಾರ್ ಅಥವಾ ಎಂ-ಆಧಾರ್, ಪ್ಯಾನ್, ಚಾಲನಾ ಪರವಾನಗಿ, ನೌಕರಿಯ ಗುರುತಿನ ಚೀಟಿ, ವಿದ್ಯಾರ್ಥಿಯ ಗುರುತಿನ ಚೀಟಿ, ಭಾವಚಿತ್ರವಿರುವ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್, ಪಿಂಚಣಿ ಚೀಟಿ, ಅಂಗವಿಕಲರ ಚೀಟಿ. ಪಟ್ಟಿ ಮುಗಿದ ಮೇಲೆ ಇನ್ನೊಂದು ಸಾಲು ಇದೆ. ಸಕಾರಣದಿಂದ ಇವುಗಳಲ್ಲಿ ಯಾವುದನ್ನೂ ತೋರಿಸಲಾಗದವರು ಕೇಂದ್ರ ಅಥವಾ ರಾಜ್ಯ ಸರ್ಕಾರದ 'ಎ' ಗುಂಪಿನ ಗೆಜೆಟೆಡ್ ಅಧಿಕಾರಿಯೊಬ್ಬರಿಂದ, ಅವರ ಕಚೇರಿಯ ಪತ್ರಶಿರದ ಮೇಲೆ, ದೃಢೀಕರಿಸಿದ ಭಾವಚಿತ್ರದೊಡನೆ ಗುರುತಿನ ಪತ್ರ ತರಬಹುದು.

ಆ ಸಾಲನ್ನು ನಾನು ಆ ರಾತ್ರಿ ಹಲವು ಸಲ ಓದಿದೆ. ಹತ್ತೊಂಬತ್ತನೆಯ ಶತಮಾನದ ನೋಂದಣಿ ದಾಖಲೆಗಳು ನನ್ನ ಸಂಶೋಧನೆಯ ವಿಷಯ. ನಮ್ಮ ಕಾಲದ ವಿಮಾನ ನಿಲ್ದಾಣದ ನಿಯಮವೊಂದರ ತಳದಲ್ಲಿ ನನ್ನ ದಾಖಲೆಗಳ ಭಾಷೆಯೇ ಕುಳಿತಿತ್ತು. ಯಂತ್ರ, ಸಂಖ್ಯೆ, ಕಾರ್ಡು ಎಲ್ಲವೂ ಕೈಕೊಟ್ಟಾಗ ರಾಜ್ಯವು ಕೇಳುವುದು ಒಬ್ಬ ಮನುಷ್ಯನ ಮಾತನ್ನು: ಇವರನ್ನು ನಾನು ಬಲ್ಲೆ. ಆದರೆ ಎಲ್ಲ ಮನುಷ್ಯರ ಮಾತನ್ನೂ ಅಲ್ಲ.

*

ವಿಮಾನ ಹತ್ತಲು ಗುರುತಿನ ಚೀಟಿ ಯಾವಾಗಲೂ ಬೇಕಿರಲಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಹಾರಿಸಿದ ವಿಮಾನದಲ್ಲಿ ಇದ್ದದ್ದು ಅಂಚೆಯ ಚೀಲಗಳು. ಆ ಅಂಚೆಯನ್ನು ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮೇಲಾಗಿ ಮದರಾಸಿಗೆ ಒಯ್ದರು. 1953ರ ಆಗಸ್ಟ್ 1ರಂದು ಇಂಡಿಯನ್ ಏರ್‌ಲೈನ್ಸ್ ಶುರುವಾದ ಮೇಲೂ ದೇಶದೊಳಗೆ ಹಾರುವವರಿಗೆ ಟಿಕೆಟ್ಟೇ ಸಾಕಾಗಿತ್ತು. ಅದರ ಮೇಲೆ ಹೆಸರಿರುತ್ತಿತ್ತು. ಆ ಹೆಸರು ನಿಮ್ಮದೇ ಎಂದು ಸಾಬೀತು ಮಾಡುವ ಭಾವಚಿತ್ರದ ಚೀಟಿ ಬಹುಪಾಲು ಜನರ ಬಳಿ ಇರಲೂ ಇಲ್ಲ. ಮತದಾರರ ಭಾವಚಿತ್ರವಿರುವ ಗುರುತಿನ ಚೀಟಿ ಟಿ.ಎನ್. ಶೇಷನ್ ಅವರ ಕಾಲದಲ್ಲಿ, 1993ರಲ್ಲಿ ಬಂದದ್ದು. ಜನರ ಬಳಿ ಇಲ್ಲದ್ದನ್ನು ಬಾಗಿಲಲ್ಲಿ ನಿಂತು ಕೇಳುವಂತಿರಲಿಲ್ಲ.

ಬಾಗಿಲ ಬಿಗಿ ಬಂದದ್ದು ಅಪಹರಣಗಳಿಂದ. 1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ 'ಗಂಗಾ' ಎಂಬ ಫೋಕರ್ ವಿಮಾನವನ್ನು ಇಬ್ಬರು ಯುವಕರು ನಕಲಿ ಪಿಸ್ತೂಲು ಮತ್ತು ನಕಲಿ ಗ್ರೆನೇಡು ತೋರಿಸಿ ಲಾಹೋರಿಗೆ ಒಯ್ದರು. 1976ರ ಸೆಪ್ಟೆಂಬರ್ 10ರಂದು ಇಂಡಿಯನ್ ಏರ್‌ಲೈನ್ಸಿನ ಮತ್ತೊಂದು ವಿಮಾನದ ಅಪಹರಣವಾಯಿತು. ಅದರ ಬೆನ್ನಿಗೆ ನೇಮಕವಾದ ಪಾಂಡೆ ಸಮಿತಿಯ ಶಿಫಾರಸಿನಂತೆ 1978ರ ಜನವರಿಯಲ್ಲಿ ಬಿಸಿಎಎಸ್ ಒಂದು ಸಣ್ಣ ಘಟಕವಾಗಿ ಹುಟ್ಟಿತು. 1985ರ ಜೂನಿನಲ್ಲಿ ಏರ್ ಇಂಡಿಯಾದ 'ಕನಿಷ್ಕ' ಸಮುದ್ರದ ಮೇಲೆ ಸಿಡಿದ ನಂತರ, 1987ರ ಏಪ್ರಿಲ್ 1ರಿಂದ ಅದು ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರ್ 24ರ ಕಂದಹಾರ್ ಪ್ರಕರಣವಾದ ಮೇಲೆ, 2000ದ ಫೆಬ್ರವರಿಯಲ್ಲಿ ಜೈಪುರದಿಂದ ಆರಂಭಿಸಿ ನಿಲ್ದಾಣಗಳ ಕಾವಲು ಸಿಐಎಸ್‌ಎಫ್ ಕೈಗೆ ಬಂತು. ಇಂದು ನಾವು ನೋಡುವ ದೃಶ್ಯ, ಅಂದರೆ ಒಳಗೆ ಕಾಲಿಡುವ ಮೊದಲೇ ಬಂದೂಕು ಹಿಡಿದವರೊಬ್ಬರು ಟಿಕೆಟ್ಟಿನ ಹೆಸರನ್ನೂ ಚೀಟಿಯ ಹೆಸರನ್ನೂ ಚೀಟಿಯ ಮುಖವನ್ನೂ ನಮ್ಮ ಮುಖವನ್ನೂ ಹೋಲಿಸುವುದು, ಈ ಸರಣಿಯ ಕೊನೆಯ ಕೊಂಡಿ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಾಗಿವೆ. ನಿಮ್ಮ ಬಳಿ ಏನಿದೆ ಎಂಬುದು ಒಂದು. ನೀವು ಯಾರು ಎಂಬುದು ಇನ್ನೊಂದು. ಚೀಲವನ್ನು ಸೋಸಿ ನೋಡಿದರೆ ಮೊದಲನೆಯದಕ್ಕೆ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಕಾಗದವೇ ಬೇಕು. ಅಮೆರಿಕದಲ್ಲಿ ಈ ಎರಡನ್ನು ಬಿಡಿಸಿ ನೋಡುವ ಒಂದು ಮೊಕದ್ದಮೆ ನಡೆಯಿತು. 2002ರ ಜುಲೈ 4ರಂದು, ಅವರ ಸ್ವಾತಂತ್ರ್ಯ ದಿನದಂದೇ, ಜಾನ್ ಗಿಲ್ಮೋರ್ ಎಂಬವರು ಓಕ್‌ಲೆಂಡ್ ನಿಲ್ದಾಣದಲ್ಲಿ ಗುರುತಿನ ಚೀಟಿ ತೋರಿಸಲು ಒಪ್ಪಲಿಲ್ಲ. ಅವರನ್ನು ಹತ್ತಿಸಿಕೊಳ್ಳಲಿಲ್ಲ. ಯಾವ ನಿಯಮದಡಿ ಎಂದು ಕೇಳಿದರೆ, ಆ ನಿಯಮವೇ ಗೋಪ್ಯ ಎಂಬ ಉತ್ತರ ಬಂತು. 2006ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು. ಚೀಟಿ ತೋರಿಸಲೊಲ್ಲದವರು ಹೆಚ್ಚಿನ ತಪಾಸಣೆಗೆ ಒಳಗಾಗಿ ಹಾರಬಹುದಿತ್ತು, ಆದ್ದರಿಂದ ಅವರ ಹಕ್ಕಿಗೆ ಚ್ಯುತಿಯಾಗಿಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲಿ ಒಂದು. ಈಚೆಗೆ ಅಲ್ಲಿ ಮಾನ್ಯ ಚೀಟಿ ಇಲ್ಲದವರ ಗುರುತನ್ನು ಬೇರೆ ದಾರಿಯಿಂದ ಪರಿಶೀಲಿಸಲು 2026ರ ಫೆಬ್ರವರಿ 1ರಿಂದ 45 ಡಾಲರ್ ಶುಲ್ಕ ಎಂದು ಪ್ರಕಟಿಸಿದರು. ಅಲ್ಲಿ ಬಾಕಿ ಉಳಿದ ದಾರಿಗೆ ಹಣ ಕೇಳುತ್ತಾರೆ. ನಮ್ಮಲ್ಲಿ ಪರಿಚಯ ಕೇಳುತ್ತಾರೆ.

ಹಣ ಪಡೆದು ಪ್ರಯಾಣಕ್ಕೆ ಅನುಮತಿ ಕೊಡುವುದು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷ ಎಂಬ ಅಧಿಕಾರಿ ಬರುತ್ತಾನೆ. ಒಂದು ಮಾಷಕ ಪಡೆದು ಮುದ್ರೆ ಕೊಡುವುದು ಅವನ ಕೆಲಸ. ಮುದ್ರೆಯಿದ್ದವರು ನಾಡನ್ನು ಹೊಗಬಹುದು, ಬಿಡಬಹುದು. ಮುದ್ರೆಯಿಲ್ಲದೆ ಓಡಾಡಿದ ನಾಡಿಗನಿಗೆ 12 ಪಣ ದಂಡ. ಖೋಟಾ ಮುದ್ರೆ ಹಿಡಿದವನಿಗೆ ಅದಕ್ಕಿಂತ ಹೆಚ್ಚು, ಅವನು ಪರನಾಡಿನವನಾದರೆ ಅತಿ ಹೆಚ್ಚು. ಕಳೆದುಕೊಂಡವನಿಗೂ ಖೋಟಾ ಮಾಡಿದವನಿಗೂ ನಡುವಿನ ಗೆರೆ ಎರಡು ಸಾವಿರ ವರ್ಷಗಳ ಹಿಂದೆಯೂ ತೆಳ್ಳಗೇ ಇದ್ದಿರಬೇಕು.

ಈ ಗ್ರಂಥ ನಮಗೆ ದೊರೆತ ಬಗೆಯೂ ಇಲ್ಲಿ ನೆನಪಾಗುತ್ತದೆ. ಅದನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. ಹಸ್ತಪ್ರತಿಯನ್ನು ತಂದುಕೊಟ್ಟವರು ಯಾರು? ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು. ಇತಿಹಾಸಕ್ಕೆ ಅವರು ಅಷ್ಟೇ. ಮುದ್ರೆಯಿಲ್ಲದೆ ಯಾರೂ ಗಡಿ ದಾಟಬಾರದೆಂದು ಹೇಳುವ ಪುಸ್ತಕವನ್ನು ಹೆಸರೂ ಉಳಿಯದ ಒಬ್ಬರು ಮೈಸೂರಿಗೆ ತಲುಪಿಸಿದರು. ಅಲ್ಲಿ ಯಾರೋ ಅವರನ್ನು ನಂಬಿ ಕಟ್ಟನ್ನು ಬಿಚ್ಚಿದರು.

ಹಳೆಯ ಕನ್ನಡ ನಾಡಿನ ದಾಖಲೆಗಳಲ್ಲಿ ನಂಬಿಕೆಗೆ ಇನ್ನೊಂದು ಏರ್ಪಾಡು ಕಾಣುತ್ತದೆ. ದಾನಶಾಸನಗಳಲ್ಲಿ ಸಾಕ್ಷಿಗಳ ಹೆಸರು ಬರುತ್ತದೆ. ಮನುಷ್ಯರು ಸಾಲದಿದ್ದರೆ ಸೂರ್ಯಚಂದ್ರರನ್ನೂ ಕರೆಯುತ್ತಾರೆ. ವಿಜಯನಗರದ ಸಂಗಮ ದೊರೆಗಳ ತಾಮ್ರಶಾಸನಗಳು ಸಂಸ್ಕೃತದಲ್ಲಿದ್ದರೂ ಕೊನೆಯಲ್ಲಿ ದೊರೆಯ ಅಂಕಿತವಾಗಿ ಕನ್ನಡ ಅಕ್ಷರಗಳಲ್ಲಿ 'ಶ್ರೀ ವಿರೂಪಾಕ್ಷ' ಎಂದಿರುತ್ತದೆ. ದೊರೆ ತನ್ನ ಹೆಸರನ್ನು ಬರೆಯುವುದಿಲ್ಲ, ದೇವರ ಹೆಸರನ್ನು ಬರೆಯುತ್ತಾನೆ. ತನ್ನ ಮಾತನ್ನು ಒಪ್ಪಿಸಲು ಅರಸನಿಗೂ ತನಗಿಂತ ದೊಡ್ಡವನೊಬ್ಬನ ಹೆಸರು ಬೇಕಾಯಿತು.

ಈ ಸರಪಳಿಯನ್ನು ಕತ್ತರಿಸಿ, ಗುರುತನ್ನು ಸಾಕ್ಷಿಯಿಂದ ಬಿಡಿಸಿ ಮೈಮೇಲೆಯೇ ಹುಡುಕಿದ್ದು ನಾನು ಆಗ ಓದುತ್ತಿದ್ದ ಬಂಗಾಳದಲ್ಲಿ. 1858ರ ಜುಲೈಯಲ್ಲಿ ಜಂಗಿಪುರದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಸ್ತೆಗೆ ಬೇಕಾದ ಜಲ್ಲಿ ಪೂರೈಸಲು ರಾಜ್ಯಧರ್ ಕೋನಾಯ್ ಎಂಬವರೊಡನೆ ಕರಾರು ಮಾಡಿಕೊಂಡ. ಕೋನಾಯ್ ಸಹಿ ಹಾಕಿದ್ದರು. ಹರ್ಷೆಲ್‌ಗೆ ಅದು ಸಾಲಲಿಲ್ಲ. ತನ್ನ ಕಚೇರಿಯ ಮೊಹರಿಗೆ ಬಳಸುತ್ತಿದ್ದ ಶಾಯಿಯನ್ನು ಕೋನಾಯ್ ಅವರ ಅಂಗೈಗೆ ಬಳಿದು, ಕರಾರಿನ ಬೆನ್ನಿಗೆ ಒತ್ತಿಸಿದ. ಮುಂದೆ ಸಹಿ ನನ್ನದಲ್ಲ ಎನ್ನಲು ಅವರು ಹೆದರಲಿ ಎಂಬುದೇ ಉದ್ದೇಶವಾಗಿತ್ತೆಂದು ಹರ್ಷೆಲ್ ಮುಂದೆ ತಾನೇ ಬರೆದ. 1877ರಲ್ಲಿ ಹೂಗ್ಲಿಯಲ್ಲಿ ಪಿಂಚಣಿದಾರರು, ಕೈದಿಗಳು, ನೋಂದಣಿ ಕಚೇರಿಗೆ ಬಂದವರು ಎಲ್ಲರ ಬೆರಳಚ್ಚು ಪಡೆಯಲಾರಂಭಿಸಿದ. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಬ್ಯೂರೊ ತೆರೆಯಿತು. ಬೆರಳಚ್ಚುಗಳ ವರ್ಗೀಕರಣಕ್ಕೆ ಎಡ್ವರ್ಡ್ ಹೆನ್ರಿಯ ಹೆಸರು ನಿಂತಿತು. ಅದರ ಹಿಂದೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್.

ಕೋನಾಯ್ ಅವರಿಗೆ ಅಕ್ಷರ ಬರುತ್ತಿತ್ತು, ಊರಿನಲ್ಲಿ ಅವರನ್ನು ಬಲ್ಲವರಿದ್ದರು. ಎರಡೂ ಲೆಕ್ಕಕ್ಕೆ ಬರಲಿಲ್ಲ. ಅವರನ್ನು ಬಲ್ಲವರ ಮಾತನ್ನು ಆಳುವವರು ನಂಬುತ್ತಿರಲಿಲ್ಲ, ಅದಕ್ಕೇ ಕೈಯ ಗುರುತು ಬೇಕಾಯಿತು. ಅದೇ ಆಳ್ವಿಕೆ ಮತ್ತೊಂದು ಕಡೆ ಕೆಲವರ ಮಾತನ್ನು ಮಾತ್ರ ನಂಬುವ ವ್ಯವಸ್ಥೆಯನ್ನೂ ಕಟ್ಟಿತು. ಗೆಜೆಟೆಡ್ ಅಧಿಕಾರಿ ಎಂದರೆ ಯಾರ ನೇಮಕವನ್ನು ಸರ್ಕಾರ ತನ್ನ ರಾಜ್ಯಪತ್ರದಲ್ಲಿ ಅಚ್ಚು ಹಾಕುತ್ತದೆಯೋ ಅವರು. ಅವರನ್ನು ಸರ್ಕಾರ ಬಲ್ಲದು, ಅವರು ನಿಮ್ಮನ್ನು ಬಲ್ಲರು, ಆದ್ದರಿಂದ ಸರ್ಕಾರ ನಿಮ್ಮನ್ನು ಬಲ್ಲದು. ಸ್ವಾತಂತ್ರ್ಯಾನಂತರವೂ ದಶಕಗಳ ಕಾಲ ನಮ್ಮ ಹಿರಿಯರು ಅಂಕಪಟ್ಟಿಯ ನಕಲು ಹಿಡಿದು ಹಸಿರು ಶಾಯಿಯ ಸಹಿಗಾಗಿ ಅಲೆದದ್ದು ಈ ತರ್ಕದ ಹಿಂದೆ. 2014ರಲ್ಲಿ ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟು ಸ್ವಯಂ ದೃಢೀಕರಣಕ್ಕೆ ಒತ್ತು ಕೊಟ್ಟಿತು. ನಿಮ್ಮ ಕಾಗದಕ್ಕೆ ನಿಮ್ಮ ಸಹಿಯೇ ಸಾಕೆಂದಿತು. ಮೂರು ವರ್ಷದ ನಂತರದ ವಿಮಾನ ನಿಲ್ದಾಣದ ಪಟ್ಟಿಯ ತಳದಲ್ಲಿ ಮಾತ್ರ ಗೆಜೆಟೆಡ್ ಅಧಿಕಾರಿ ಹಾಗೇ ಉಳಿದುಕೊಂಡಿದ್ದರು.

*

ಕೊಲ್ಕತ್ತಾದಲ್ಲಿ ನನ್ನನ್ನು ಬಲ್ಲ ಅಂಥ ಅಧಿಕಾರಿ ಯಾರಿದ್ದಾರೆ? ಪತ್ರಾಗಾರದ ಓದುಕೋಣೆಯಲ್ಲಿ ನನ್ನೆದುರು ಕೂರುತ್ತಿದ್ದ ಹಿರಿಯರೊಬ್ಬರು ನೆನಪಾದರು. ಸರ್ಕಾರಿ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವರು. ಬಂಗಾಳಿ ಕೈಬರಹದಲ್ಲಿ ನಾನು ತಡವರಿಸುವುದನ್ನು ನೋಡಿ ಒಮ್ಮೆ ಎದ್ದು ಬಂದು ಒಂದು ಸಾಲು ಓದಿಕೊಟ್ಟಿದ್ದರು. ಅಷ್ಟೇ ಪರಿಚಯ. ಮರುದಿನ ಬೆಳಿಗ್ಗೆ ಓದುಕೋಣೆಯ ಬಾಗಿಲಲ್ಲಿ ಕಾದು ವಿಷಯ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ನಿಮ್ಮ ಹೆಸರು ನನಗೆ ಗೊತ್ತಿರುವುದು ನೀವು ಹೇಳಿದ್ದರಿಂದ ತಾನೆ ಎಂದರು. ಮಾತಿನಲ್ಲಿ ಅನುಮಾನವಿರಲಿಲ್ಲ, ಇತಿಹಾಸಕಾರರ ಎಚ್ಚರವಿತ್ತು.

ಓದುಕೋಣೆಯ ಹಾಜರಿ ಪುಸ್ತಕ ತೆಗೆಸಿದರು. ಅದರಲ್ಲಿ ನನ್ನ ಹೆಸರಿತ್ತು, ಬರೆದದ್ದು ನಾನೇ. ಪ್ರವೇಶಕ್ಕಾಗಿ ನಾನು ತಂದಿದ್ದ ನನ್ನ ಮಾರ್ಗದರ್ಶಕರ ಪತ್ರ ಕಚೇರಿಯ ಫೈಲಿನಲ್ಲಿತ್ತು, ಅದರಲ್ಲಿ ಭಾವಚಿತ್ರವಿರಲಿಲ್ಲ. ಗೆಳೆಯನ ಫೋನಿನಿಂದ ಮಾರ್ಗದರ್ಶಕರಿಗೆ ಕರೆ ಮಾಡಿದೆವು. ಅವರಿಬ್ಬರೂ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡಿದರು, ಅದರಲ್ಲಿ ಏಳೆಂಟು ನಿಮಿಷ ನನ್ನ ವಿಷಯವಾಗಿರಲಿಲ್ಲ, ದಾಖಲೆಗಳ ವಿಷಯವಾಗಿತ್ತು. ಮಧ್ಯಾಹ್ನ ನಾನು ಬೀದಿಯ ಸ್ಟುಡಿಯೋದಲ್ಲಿ ಫೋಟೊ ತೆಗೆಸಿಕೊಂಡು ಅವರ ಕಾಲೇಜಿಗೆ ಹೋದೆ. ಆ ಇಡೀ ವಾರದಲ್ಲಿ ನನ್ನ ಹೆಸರು ಕೇಳದೆ ಕೆಲಸ ಮಾಡಿಕೊಟ್ಟದ್ದು ಆ ಸ್ಟುಡಿಯೋದವರು ಒಬ್ಬರೇ.

ಇಂಥ ಪತ್ರಕ್ಕೆ ಒಂದು ಸಿದ್ಧ ವಾಕ್ಯವಿದೆ: ಇವರನ್ನು ನಾನು ಇಷ್ಟು ವರ್ಷಗಳಿಂದ ವೈಯಕ್ತಿಕವಾಗಿ ಬಲ್ಲೆ. ಅಲ್ಲಿಗೆ ಬಂದಾಗ ಅವರ ಪೆನ್ನು ನಿಂತಿತು. ನನ್ನ ಕಣ್ಣು ಅವರ ಕೈಯ ಮೇಲಿತ್ತು. ಎರಡು ವರ್ಷ ಎಂದು ಬರೆದರೆ ಯಾರೂ ಕೇಳುವುದಿಲ್ಲ, ಬರೆಯಲಿ ಎಂದು ಮನಸ್ಸು ಹಾರೈಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅವರು 'ಮೂರು ದಿನಗಳಿಂದ' ಎಂದು ಬರೆದರು. ಆಮೇಲೆ ಪತ್ರಾಗಾರದ ದಾಖಲೆಯನ್ನೂ ಮಾರ್ಗದರ್ಶಕರ ಜೊತೆಗಿನ ಮಾತನ್ನೂ ಒಂದೊಂದು ಸಾಲಿನಲ್ಲಿ ಸೇರಿಸಿ, ಫೋಟೊದ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬರುವಂತೆ ಸಹಿ ಮಾಡಿ ಮೊಹರು ಒತ್ತಿದರು. ಮುಂದೆ ಯಾರಾದರೂ ಈ ಕಾಗದ ಓದಿದರೆ ಸುಳ್ಳು ಸಿಗಬಾರದಲ್ಲ ಎಂದರು.

ಮರುಸಂಜೆ ನಿಲ್ದಾಣದ ಬಾಗಿಲ ಸಾಲಿನಲ್ಲಿ ನನ್ನ ಮುಂದೆ ಏಳು ಜನ ಕಾರ್ಮಿಕರಿದ್ದರು. ಮುರ್ಷಿದಾಬಾದ್ ಕಡೆಯವರು, ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸಕ್ಕೆ ಹೊರಟವರು. ಹರ್ಷೆಲ್‌ನ ಜಂಗಿಪುರ ಇರುವುದೂ ಅದೇ ಜಿಲ್ಲೆಯಲ್ಲಿ. ಅವರಲ್ಲಿ ಹಿರಿಯನೊಬ್ಬ ಎಲ್ಲರ ಆಧಾರ್ ಕಾರ್ಡುಗಳನ್ನು ರಬ್ಬರ್ ಬ್ಯಾಂಡು ಹಾಕಿ ಹಿಡಿದಿದ್ದ. ಕಾವಲಿನವರು ಎಣಿಸಿದರು. ಆರು ಇದ್ದವು. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನ ಕಾರ್ಡು ಬಸ್ಸಿನಲ್ಲೋ ರೈಲಿನಲ್ಲೋ ಬಿದ್ದುಹೋಗಿತ್ತು. ಅವನ ಬಳಿ ಇದ್ದದ್ದು ಗುಂಡಿಯೊತ್ತುವ ಸಣ್ಣ ಫೋನು. ಉಳಿದ ಆರು ಜನ ಒಟ್ಟಿಗೆ ಮಾತಾಡಿದರು: ನಮ್ಮೂರಿನವನು, ಇವನ ಅಣ್ಣ, ಇವನ ಮಾವ, ಹುಟ್ಟಿದಾಗಿನಿಂದ ಗೊತ್ತು. ಕಾವಲಿನವರು ಗದರಲಿಲ್ಲ. ನಿಯಮ ಹೇಳಿ, ಪಕ್ಕಕ್ಕೆ ನಿಲ್ಲಲು ಹೇಳಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡಬೇಕಿತ್ತು.

ನನ್ನ ಸರದಿ ಬಂತು. ಪತ್ರ ಕೊಟ್ಟೆ. ಪತ್ರಶಿರ, ಮೊಹರು, ಫೋಟೊ, ಮುಖ. ಒಳಗೆ ಕರೆದು ಇನ್ನೊಬ್ಬ ಅಧಿಕಾರಿಗೆ ತೋರಿಸಿದರು, ಅವರು ಕಾಲೇಜಿಗೆ ಫೋನು ಮಾಡಿ ವಿಚಾರಿಸಿದರು, ಬಿಟ್ಟರು. 'ಮೂರು ದಿನ' ಎಂಬುದನ್ನು ಅವರು ಓದಿದರು ಎಂದೇ ನನ್ನ ನಂಬಿಕೆ. ಆ ಎರಡು ಪದಗಳ ಬಳಿ ಬೆರಳು ಕ್ಷಣ ನಿಂತು ಮುಂದೆ ಹೋಯಿತು.

ಮೂರು ದಿನ ಬಲ್ಲವರ ಒಂದು ಸಾಲು ನನ್ನನ್ನು ಒಳಗೆ ಬಿಟ್ಟಿತು. ಇಪ್ಪತ್ತು ವರ್ಷ ಬಲ್ಲ ಆರು ಜನರ ಮಾತು ಆ ಹುಡುಗನನ್ನು ಒಳಗೆ ಬಿಡಲಿಲ್ಲ. ನಾನು ಸಂಶೋಧನೆಯಲ್ಲಿ ಓದುತ್ತಿದ್ದ ವಿಷಯ ಇದೇ ಎಂದು ನನಗೆ ಅಂದಿನವರೆಗೆ ಹೊಳೆದಿರಲಿಲ್ಲ. ಗುರುತಿನ ಇತಿಹಾಸವನ್ನು ಸಾಮಾನ್ಯವಾಗಿ ಮುದ್ರೆಯಿಂದ ಸಹಿಗೆ, ಸಹಿಯಿಂದ ಬೆರಳಿಗೆ, ಬೆರಳಿನಿಂದ ಮುಖಕ್ಕೆ ಎಂದು ಸಾಧನಗಳ ಇತಿಹಾಸವಾಗಿ ಹೇಳುತ್ತೇವೆ. 2022ರ ಡಿಸೆಂಬರ್ 1ರಂದು ದಿಲ್ಲಿ, ವಾರಾಣಸಿಗಳ ಜೊತೆಗೆ ನಮ್ಮ ಬೆಂಗಳೂರಿನಲ್ಲೂ ಶುರುವಾದ ಡಿಜಿಯಾತ್ರಾದಲ್ಲಿ ಕ್ಯಾಮೆರಾಕ್ಕೆ ಮುಖ ತೋರಿಸಿದರೆ ಬಾಗಿಲು ತೆರೆಯುತ್ತದೆ. ಆದರೆ ಆ ಮುಖವನ್ನು ಮೊದಲು ಆಧಾರಿಗೆ ಕಟ್ಟಿರಬೇಕು. ಆಧಾರ್ ಪಡೆಯಲು ಬೇರೆ ದಾಖಲೆ ಇರಬೇಕು. ಯಾವ ದಾಖಲೆಯೂ ಇಲ್ಲದವರಿಗಾಗಿ ಅಲ್ಲಿಯೂ 'ಪರಿಚಯಿಸುವವರು' ಎಂಬ ದಾರಿ ಇಟ್ಟಿದ್ದರು. 2015ರಲ್ಲಿ ಮಾಹಿತಿ ಹಕ್ಕಿನಡಿ ಸಿಕ್ಕ ಉತ್ತರದ ಪ್ರಕಾರ, ಅಲ್ಲಿಯವರೆಗೆ ಕೊಟ್ಟ 83.5 ಕೋಟಿ ಆಧಾರ್ ಸಂಖ್ಯೆಗಳಲ್ಲಿ ಆ ದಾರಿಯಿಂದ ಬಂದವು ಸುಮಾರು 2.19 ಲಕ್ಷ, ಅಂದರೆ ಶೇಕಡಾ 0.03. ಉಳಿದವರೆಲ್ಲರ ಬಳಿ ಮೊದಲೇ ಕಾಗದವಿತ್ತು. ಸಾಧನ ಬದಲಾದಂತೆ ಬದಲಾಗದೆ ಉಳಿದದ್ದು ಒಂದೇ: ಯಾರ 'ಬಲ್ಲೆ' ಎಂಬ ಮಾತು ನಡೆಯುತ್ತದೆ ಎಂಬುದು.

ಗೆಳೆಯನ ತಮಾಷೆ ಆಗ ನೆನಪಾಯಿತು. ಶಾಕುಂತಲದಲ್ಲಿ ಉಂಗುರ ಕಳೆದದ್ದು ಶಕುಂತಲೆಯದು, ಸಿಕ್ಕಿದ್ದು ಒಬ್ಬ ಮೀನುಗಾರನಿಗೆ. ನಾವು ಶಕುಂತಲೆಯ ದುಃಖವನ್ನು ನೆನೆಯುತ್ತೇವೆ, ಮೀನುಗಾರನನ್ನು ಮರೆಯುತ್ತೇವೆ. ಕಾಳಿದಾಸ ಮರೆತಿಲ್ಲ. ದೊರೆಯ ಹೆಸರಿರುವ ಉಂಗುರ ಕೈಯಲ್ಲಿದ್ದೂ, ಆರನೆಯ ಅಂಕದ ಆರಂಭದಲ್ಲಿ ಕಾವಲಿನವರು ಅವನನ್ನು ಕಳ್ಳನೆಂದು ಹೊಡೆದು ಎಳೆದು ತರುತ್ತಾರೆ. ಅವನು ನಿಜವನ್ನೇ ಹೇಳುತ್ತಾನೆ. ದೊರೆ ಒಪ್ಪುವವರೆಗೆ ಅದು ನಿಜವಾಗುವುದಿಲ್ಲ.

ತಪಾಸಣೆಯ ಕಡೆಗೆ ಹೋಗುವ ಮೊದಲು ಗಾಜಿನಾಚೆ ಒಮ್ಮೆ ತಿರುಗಿ ನೋಡಿದೆ. ನಾಲ್ವರು ಒಳಗೆ ಬಂದಿದ್ದರು. ಇಬ್ಬರು ತಮ್ಮ ಕಾರ್ಡು, ಟಿಕೆಟ್ಟು ಎರಡೂ ಸರಿಯಿದ್ದರೂ ಒಳಗೆ ಬರದೆ, ಹುಡುಗನ ಪಕ್ಕದಲ್ಲಿ ಚೀಲಗಳ ಮೇಲೆ ಕುಳಿತಿದ್ದರು. ಆ ಪತ್ರ ಇಂದಿಗೂ ನನ್ನ ನೋಟುಪುಸ್ತಕದಲ್ಲಿದೆ. ಅದನ್ನು ತೆರೆದಾಗಲೆಲ್ಲ ನನಗೆ ಕಾಣುವುದು ಆ ಇಬ್ಬರು. ಅವರ ಬಳಿ ಪತ್ರಶಿರವೂ ಮೊಹರೂ ಇರಲಿಲ್ಲ, ತಾವು ಅವನನ್ನು ಬಲ್ಲೆವೆಂದು ಹೇಳಲು ಅವರಿಗೆ ಉಳಿದಿದ್ದ ದಾರಿ ಅದೊಂದೇ ಆಗಿತ್ತು.